ಮೊದಲು ಏನಾಯಿತು, ಆಮೇಲೆ ಏನಾಯಿತು

1960ರ ದಶಕದ ಅಮೆರಿಕ. ಒಂದನೇ ತರಗತಿಯ ಒಂದು ದೊಡ್ಡ ಕೋಣೆ. 48 ಮಕ್ಕಳು, ಪಾಠ ಮಾಡಲು ಇಬ್ಬರು ಶಿಕ್ಷಕಿಯರು. ಮಕ್ಕಳು ಕೂತಲ್ಲಿ ಕೂರುವುದಿಲ್ಲ ಎನ್ನುವುದು ಅವರ ದೊಡ್ಡ ತಲೆನೋವು. ಇಲಿನಾಯ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ವೆಸ್ಲಿ ಬೆಕರ್ ಮತ್ತವರ ಸಂಗಡಿಗರು ಕೋಣೆಯಲ್ಲಿ ವೀಕ್ಷಕರನ್ನು ಕೂರಿಸಿ, ಹತ್ತು ಸೆಕೆಂಡಿಗೊಮ್ಮೆ ಎಷ್ಟು ಮಕ್ಕಳು ಜಾಗ ಬಿಟ್ಟು ಎದ್ದಿದ್ದಾರೆ ಎಂದು ಎಣಿಸಿದರು. ಸರಾಸರಿ ಮೂವರು. ಶಿಕ್ಷಕಿಯರು ಇಪ್ಪತ್ತು ನಿಮಿಷದಲ್ಲಿ ಸುಮಾರು ಏಳು ಸಲ ‘ಕೂತ್ಕೊಳ್ಳಿ’ ಎಂದು ಗದರುತ್ತಿದ್ದರು.

ಸಂಶೋಧಕರು ಅವರನ್ನು ಕೇಳಿಕೊಂಡದ್ದು ಇಷ್ಟೆ: ಇನ್ನೂ ಹೆಚ್ಚು ಸಲ ಹೇಳಿ. ಇಪ್ಪತ್ತು ನಿಮಿಷದಲ್ಲಿ ಗದರಿಕೆ ಏಳರಿಂದ ಇಪ್ಪತ್ತೇಳರ ಆಸುಪಾಸಿಗೆ ಏರಿತು. ಎದ್ದು ನಿಲ್ಲುವ ಮಕ್ಕಳ ಸಂಖ್ಯೆ ಇಳಿಯಬೇಕಿತ್ತು. ಅದು ಮೂರರಿಂದ ನಾಲ್ಕೂವರೆಗೆ ಹೋಯಿತು. ಗದರಿಕೆ ಮೊದಲಿನಷ್ಟಕ್ಕೆ ಇಳಿದಾಗ ಏಳುವವರ ಸಂಖ್ಯೆಯೂ ಮೊದಲಿನಷ್ಟಕ್ಕೆ ಬಂತು. ಕೊನೆಗೆ ಶಿಕ್ಷಕಿಯರು ಎದ್ದವರನ್ನು ಬಿಟ್ಟು, ಕೂತು ಕೆಲಸ ಮಾಡುತ್ತಿದ್ದವರನ್ನು ಹೆಸರು ಹಿಡಿದು ಮೆಚ್ಚತೊಡಗಿದರು. ಎದ್ದವರ ಸಂಖ್ಯೆ ಎರಡಕ್ಕಿಂತ ಕೆಳಗಿಳಿಯಿತು.

ಇದರಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ‘ಕೂತ್ಕೊಳ್ಳಿ’ ಎಂದಾಗಲೆಲ್ಲ ಎದ್ದ ಮಗು ಕೂರುತ್ತಿತ್ತು. ಶಿಕ್ಷಕಿಯ ಕಣ್ಣಿಗೆ ಮಾತು ಕೆಲಸ ಮಾಡಿದೆ. ಆದರೆ ಆ ಕ್ಷಣದಲ್ಲಿ ಮಗುವಿಗೆ ಟೀಚರ್ ತನ್ನ ಕಡೆ ತಿರುಗಿದರು ಎಂಬುದು ಸಿಕ್ಕಿತು. ಟೀಚರಿಗೆ ಒಂದು ಕ್ಷಣದ ಶಾಂತಿ ಸಿಕ್ಕಿತು. ಇಬ್ಬರಿಗೂ ಲಾಭ ಕಂಡದ್ದರಿಂದ ಇಬ್ಬರೂ ಅದನ್ನೇ ಮತ್ತೆ ಮತ್ತೆ ಮಾಡಿದರು. ಆ ಶಿಕ್ಷಕಿಯರು ಅಸಮರ್ಥರಲ್ಲ, ಆ ಮಕ್ಕಳು ಕೆಟ್ಟವರೂ ಅಲ್ಲ. ತಂಟೆಯನ್ನು ನಿಲ್ಲಿಸಲು ಮಾಡಿದ್ದೇ ತಂಟೆಯನ್ನು ಸಾಕುತ್ತಿತ್ತು. ಎಣಿಸಿ ಬರೆದುಕೊಳ್ಳುವವರೆಗೆ ಅದು ಯಾರಿಗೂ ಕಾಣಲಿಲ್ಲ. ಕಾಣದಿರುವುದನ್ನು ಕಾಣುವಂತೆ ಶಿಕ್ಷಕರ ಕಣ್ಣನ್ನು ಪಳಗಿಸುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ.

ಒಂದೇ ತಂಟೆ, ಎರಡು ಕಾರಣ

ನಾಲ್ಕನೇ ತರಗತಿಯೊಂದನ್ನು ಊಹಿಸಿಕೊಳ್ಳಿ. ಒಬ್ಬ ಹುಡುಗ ಪಕ್ಕದವನ ನೋಟ್‌ಬುಕ್ ಎಳೆದು ನೆಲಕ್ಕೆ ಹಾಕುತ್ತಾನೆ. ಅದೇ ತರಗತಿಯ ಒಬ್ಬಳು ಹುಡುಗಿಯೂ ಹಾಗೇ ಮಾಡುತ್ತಾಳೆ. ಸ್ಟಾಫ್ ರೂಮಿನಲ್ಲಿ ಇಬ್ಬರಿಗೂ ‘ತರಲೆ’ ಎಂಬ ಒಂದೇ ಹಣೆಪಟ್ಟಿ. ಈಗ ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯೋಣ. ಮೊದಲನೆಯದು, ತಂಟೆಗೆ ಸ್ವಲ್ಪ ಮೊದಲು ಏನಾಯಿತು. ಎರಡನೆಯದು, ಮಗು ಏನು ಮಾಡಿತು. ಮೂರನೆಯದು, ಅದರ ಬೆನ್ನಿಗೇ ಏನಾಯಿತು.

ಹುಡುಗನ ಹಾಳೆ ಹೀಗಿದೆ. 10.40: ಟೀಚರ್ ಬೋರ್ಡಿನ ಮೇಲೆ ಭಿನ್ನರಾಶಿಯ ಐದು ಲೆಕ್ಕ ಬರೆದು ‘ಎಲ್ಲರೂ ಮಾಡಿ’ ಎಂದರು, ಹುಡುಗ ನೋಟ್‌ಬುಕ್ ಎಳೆದು ಹಾಕಿದ, ‘ಹೊರಗೆ ಹೋಗಿ ನಿಲ್ಲು’ ಎಂದರು, ಹೋದ. 10.52: ಒಳಗೆ ಕರೆದು ‘ಲೆಕ್ಕ ಮುಗಿಸು’ ಎಂದರು, ಮತ್ತೆ ಎಳೆದು ಹಾಕಿದ, ಮತ್ತೆ ಹೊರಗೆ. 11.30: ಕನ್ನಡ ಪಿರಿಯಡ್, ಕಥೆ ಓದುತ್ತಿದ್ದಾರೆ, ಏನೂ ಇಲ್ಲ. ಮರುದಿನ ಗಣಿತದ ಹೊತ್ತಿಗೆ ಮತ್ತದೇ ಸಾಲು.

ಹುಡುಗಿಯ ಹಾಳೆಯಲ್ಲಿ ಗಣಿತಕ್ಕೂ ಕನ್ನಡಕ್ಕೂ ವ್ಯತ್ಯಾಸವಿಲ್ಲ. ಅವಳ ಸಾಲುಗಳೆಲ್ಲ ಟೀಚರ್ ಕೋಣೆಯ ಆ ತುದಿಯಲ್ಲಿ ಬೇರೆಯವರ ಪುಸ್ತಕ ತಿದ್ದುತ್ತಿರುವ ಹೊತ್ತಿನವು. ಮೂರನೇ ಕಾಲಮಿನಲ್ಲಿ ಪ್ರತಿ ಸಲವೂ ಒಂದೇ ಮಾತು: ಟೀಚರ್ ಬಂದು ಬೈದು, ಸ್ವಲ್ಪ ಹೊತ್ತು ಪಕ್ಕದಲ್ಲೇ ನಿಂತರು.

ಹುಡುಗನಿಗೆ ತಂಟೆಯಿಂದ ದೊರೆಯುತ್ತಿರುವುದು ಲೆಕ್ಕದಿಂದ ಬಿಡುಗಡೆ. ಹುಡುಗಿಗೆ ದೊರೆಯುತ್ತಿರುವುದು ಟೀಚರ ಸಾಮೀಪ್ಯ. ಹೊರಗೆ ನಿಲ್ಲಿಸುವ ಶಿಕ್ಷೆ ಹುಡುಗನ ಪಾಲಿಗೆ ಬಹುಮಾನ. ಕೊಟ್ಟಷ್ಟೂ ತಂಟೆ ಹೆಚ್ಚುತ್ತದೆ. ತಂಟೆಗೆ ಕಿವಿಗೊಡದೆ ಸುಮ್ಮನಿರುವ ಉಪಾಯ ಹುಡುಗಿಯ ವಿಷಯದಲ್ಲಿ ಕೆಲಸ ಮಾಡೀತು. ಹುಡುಗನ ವಿಷಯದಲ್ಲಿ ಏನೂ ಮಾಡದು, ಏಕೆಂದರೆ ಅವನು ಗಮನ ಬಯಸಿ ಹಾಗೆ ಮಾಡುತ್ತಿಲ್ಲ. ಜ್ವರ ಬಂದವರಿಗೆಲ್ಲ ಒಂದೇ ಮಾತ್ರೆ ಕೊಡುವ ವೈದ್ಯರನ್ನು ನಾವು ನಂಬುವುದಿಲ್ಲ. ಹಾಗಿರುವಾಗ ತಂಟೆ ಮಾಡಿದವರಿಗೆಲ್ಲ ಒಂದೇ ಮದ್ದನ್ನು ಶಾಲೆ ಏಕೆ ಕೊಡಬೇಕು?

ಈ ಮೂರು ಕಾಲಮಿನ ದಾಖಲೆಗೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆಯಿದೆ. ಯಾವುದೇ ವರ್ತನೆಯನ್ನು ಅದರ ಹಿಂದುಮುಂದಿನ ಸನ್ನಿವೇಶದೊಂದಿಗೆ ಸೇರಿಸಿಯೇ ವಿವರಿಸಬೇಕು ಎಂದು ಬಿ. ಎಫ್. ಸ್ಕಿನ್ನರ್ 1953ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದರು. ಸಹಜ ಪರಿಸರದಲ್ಲಿ ಮಕ್ಕಳನ್ನು ನೋಡುತ್ತ ಅದನ್ನು ಕ್ರಮವಾಗಿ ಬರೆದುಕೊಳ್ಳುವ ವಿಧಾನವನ್ನು ಸಿಡ್ನಿ ಬಿಜೂ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದರು. ಇಂದು ಈ ಇಡೀ ಕ್ರಮಕ್ಕೆ ಫಂಕ್ಷನಲ್ ಬಿಹೇವಿಯರ್ ಅಸೆಸ್‌ಮೆಂಟ್ ಎಂಬ ಹೆಸರಿದೆ. ಸರಳವಾಗಿ ಹೇಳುವುದಾದರೆ, ಒಂದು ವರ್ತನೆ ಮಗುವಿಗೆ ಏನನ್ನು ಗಳಿಸಿಕೊಡುತ್ತಿದೆ ಅಥವಾ ಯಾವುದರಿಂದ ಪಾರುಮಾಡುತ್ತಿದೆ ಎಂದು ಸಾಕ್ಷ್ಯ ಹಿಡಿದು ತಿಳಿಯುವುದು.

ಊಹೆಯಿಂದ ಪರೀಕ್ಷೆಗೆ

ಹಿಂದುಮುಂದಿನದನ್ನು ಬರೆದುಕೊಂಡ ಮಾತ್ರಕ್ಕೆ ಕಾರಣ ಸಿದ್ಧವಾಗುವುದಿಲ್ಲ. ಎರಡು ಸಂಗತಿಗಳು ಜೊತೆಜೊತೆಗೆ ನಡೆದವೆಂದರೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲಾಗದು. ಈ ತೊಡಕನ್ನು ಬಿಡಿಸಿದವರು ಬ್ರಯನ್ ಇವಾಟಾ ಮತ್ತು ಅವರ ಸಹೋದ್ಯೋಗಿಗಳು. 1982ರಲ್ಲಿ, ಬಾಲ್ಟಿಮೋರಿನ ಜಾನ್ ಎಫ್. ಕೆನಡಿ ಸಂಸ್ಥೆಯಲ್ಲಿ ಅವರು ಅಧ್ಯಯನ ಮಾಡಿದ್ದು ತಲೆ ಚಚ್ಚಿಕೊಳ್ಳುವ, ಕೈ ಕಚ್ಚಿಕೊಳ್ಳುವ, ಬೆಳವಣಿಗೆಯ ತೊಂದರೆಯಿದ್ದ ಒಂಬತ್ತು ಮಂದಿಯನ್ನು. ಪ್ರತಿಯೊಬ್ಬರನ್ನೂ ವೈದ್ಯಕೀಯ ಎಚ್ಚರಿಕೆಯೊಂದಿಗೆ, ಹದಿನೈದು ಹದಿನೈದು ನಿಮಿಷ, ನಾಲ್ಕು ಬಗೆಯ ಸನ್ನಿವೇಶಗಳಲ್ಲಿ ಸರದಿಯಂತೆ ಇರಿಸಿದರು. ಒಂದರಲ್ಲಿ, ಚಚ್ಚಿಕೊಂಡರೆ ಮಾತ್ರ ದೊಡ್ಡವರು ಬಂದು ಕಾಳಜಿ ತೋರುತ್ತಾರೆ. ಇನ್ನೊಂದರಲ್ಲಿ ಕಲಿಕೆಯ ಕೆಲಸ ಕೊಡಲಾಗುತ್ತದೆ, ಚಚ್ಚಿಕೊಂಡರೆ ಕೆಲಸ ನಿಲ್ಲುತ್ತದೆ. ಮೂರನೆಯದರಲ್ಲಿ ಮಗು ಒಂಟಿ. ನಾಲ್ಕನೆಯದು ಆಟ: ಕೆಲಸದ ಒತ್ತಾಯವಿಲ್ಲ, ಗಮನಕ್ಕೆ ಕೊರತೆಯಿಲ್ಲ. ಒಂಬತ್ತರಲ್ಲಿ ಆರು ಮಂದಿಯ ವಿಷಯದಲ್ಲಿ ವರ್ತನೆ ನಿರ್ದಿಷ್ಟವಾದ ಒಂದು ಸನ್ನಿವೇಶದಲ್ಲೇ ಸತತವಾಗಿ ಏರುತ್ತಿತ್ತು. ಆ ಸನ್ನಿವೇಶ ಒಬ್ಬರಿಂದ ಒಬ್ಬರಿಗೆ ಬೇರೆಯಾಗಿತ್ತು. ಹೊರನೋಟಕ್ಕೆ ಒಂದೇ ಬಗೆಯಾದ ವರ್ತನೆಯ ಬೇರುಗಳು ಬೇರೆಬೇರೆ ಎನ್ನುವುದು ಪ್ರಯೋಗದಿಂದ ಸಿದ್ಧವಾಯಿತು.

ಮೂರು ವರ್ಷಗಳ ನಂತರ, 1985ರಲ್ಲಿ, ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಮುಂದಿನ ಹೆಜ್ಜೆ ಇಟ್ಟರು. ನನಗೆ ಈ ಕ್ಷೇತ್ರದಲ್ಲಿ ಅತ್ಯಂತ ಮಾನವೀಯವಾಗಿ ಕಾಣುವ ಪ್ರಯೋಗ ಇದು. ನಾಲ್ಕು ಮಕ್ಕಳಲ್ಲಿ ಕೆಲವರು ಕೆಲಸ ಕಷ್ಟವಾದಾಗ, ಕೆಲವರು ಗಮನ ಕಡಿಮೆಯಾದಾಗ ರೇಗುತ್ತಿದ್ದರು ಎಂದು ಮೊದಲು ಪರೀಕ್ಷಿಸಿ ತಿಳಿದುಕೊಂಡರು. ಆಮೇಲೆ ಮಕ್ಕಳಿಗೆ ಒಂದೊಂದು ವಾಕ್ಯ ಕಲಿಸಿದರು. ಕೆಲಸದ ಕಷ್ಟಕ್ಕೆ ರೇಗುವವರಿಗೆ ‘ನನಗೆ ಅರ್ಥವಾಗುತ್ತಿಲ್ಲ’ ಎಂಬ ಮಾತು. ಹೇಳಿದರೆ ಸಹಾಯ ಬರುತ್ತದೆ. ಗಮನಕ್ಕಾಗಿ ರೇಗುವವರಿಗೆ ‘ನಾನು ಚೆನ್ನಾಗಿ ಮಾಡ್ತಿದ್ದೀನಾ?’ ಎಂಬ ಮಾತು; ಕೇಳಿದರೆ ಮೆಚ್ಚುಗೆ ಬರುತ್ತದೆ. ಕಾರಣಕ್ಕೆ ಹೊಂದುವ ವಾಕ್ಯ ಕಲಿತಾಗ ರೇಗಾಟ ತೀರ ಇಳಿಯಿತು. ಹೊಂದದ ವಾಕ್ಯ ಕಲಿಸಿ ನೋಡಿದಾಗ ಇಳಿಯಲಿಲ್ಲ. ತಂಟೆಯೆಂಬುದು ಎಷ್ಟೋ ಸಲ ಹೇಳಲು ಬಾರದ ಕೋರಿಕೆ. ಹೇಳುವ ದಾರಿ ಸಿಕ್ಕರೆ ತಂಟೆಯ ಅಗತ್ಯ ತೀರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಸಾಮಾನ್ಯ ತರಗತಿಯ ಕಷ್ಟ

ಇವಾಟಾ ಮತ್ತು ಕಾರ್ ತಂಡಗಳ ಪ್ರಯೋಗಗಳು ವಿಶೇಷ ಸಂಸ್ಥೆಗಳಲ್ಲಿ, ಪರಿಣತರ ಕೈಯಲ್ಲಿ ನಡೆದವು. ಸಾಮಾನ್ಯ ಶಾಲೆಯ ತರಗತಿ ಬೇರೆಯೇ ಲೋಕ. ಅಲ್ಲಿ ಒಂದು ಮಗುವಿನ ಸುತ್ತ ಮೂವತ್ತು ಜನ ಪ್ರೇಕ್ಷಕರಿರುತ್ತಾರೆ. 1995ರಲ್ಲಿ ಬ್ರೂಸಾರ್ಡ್ ಮತ್ತು ನಾರ್ತಪ್ ಎಂಬ ಸಂಶೋಧಕರು ಸಾಮಾನ್ಯ ತರಗತಿಗಳಿಗೇ ಈ ವಿಧಾನವನ್ನು ತಂದಾಗ, ಶಿಕ್ಷಕರ ಗಮನ, ಪಾಠದಿಂದ ಬಿಡುಗಡೆ ಎಂಬ ಎರಡು ಕಾರಣಗಳ ಜೊತೆಗೆ ಸಹಪಾಠಿಗಳ ಗಮನವನ್ನೂ ಪರಿಗಣಿಸಬೇಕಾಯಿತು. ಹಿಂದಿನ ಬೆಂಚಿನಿಂದ ಬರುವ ಕಿಸಕ್ಕೆಂಬ ಒಂದು ನಗು ಶಿಕ್ಷಕರ ಹತ್ತು ಬೈಗುಳಕ್ಕಿಂತ ಬಲವಾದದ್ದು ಎಂದು ಪಾಠ ಮಾಡಿದವರಿಗೆಲ್ಲ ಗೊತ್ತು. ಅಂಥ ಕಡೆ ಶಿಕ್ಷಕರು ಎಷ್ಟು ಸುಮ್ಮನಿದ್ದರೂ ತಂಟೆ ನಿಲ್ಲದು. ಗೆಳೆಯರ ಗಮನ ಒಳ್ಳೆಯ ಕೆಲಸದ ಕಡೆ ತಿರುಗುವಂತೆ ಏರ್ಪಾಡು ಮಾಡಬೇಕು.

1997ರಲ್ಲಿ ಅಮೆರಿಕ ತನ್ನ ಅಂಗವಿಕಲ ಮಕ್ಕಳ ಶಿಕ್ಷಣ ಕಾನೂನಿಗೆ ತಿದ್ದುಪಡಿ ತಂದಿತು. ಅಂಥ ವಿದ್ಯಾರ್ಥಿಯನ್ನು ವರ್ತನೆಯ ಕಾರಣಕ್ಕೆ ಹತ್ತು ದಿನಕ್ಕೂ ಹೆಚ್ಚು ಶಾಲೆಯಿಂದ ದೂರವಿಡುವ ಸಂದರ್ಭ ಬಂದರೆ, ಆ ವರ್ತನೆಯ ಕಾರಣವನ್ನು ಈ ಕ್ರಮದಲ್ಲಿ ಪರಿಶೀಲಿಸಬೇಕೆಂಬುದು ಶಾಲೆಗಳ ಹೊಣೆಯಾಯಿತು. ಕಾನೂನು ಬಂತು, ಮಾಡುವ ಕೈಗಳು ಸಾಲಲಿಲ್ಲ. ಮೇಲಾಗಿ, ಶಾಲೆಯಿಂದ ಹೊರಹಾಕುವ ಹಂತಕ್ಕೆ ಬಂದ ಮೇಲೆ ಕಾರಣ ಹುಡುಕುವುದು ತಡವಾದ ಕೆಲಸ. ತಂಟೆ ಇನ್ನೂ ಚಿಕ್ಕದಿರುವಾಗ, ಅದನ್ನು ದಿನವೂ ನೋಡುವವರೇ ಕಾರಣ ಹುಡುಕಬೇಕು. ದಿನವೂ ನೋಡುವವರೆಂದರೆ ತರಗತಿಯ ಶಿಕ್ಷಕರು.

ಉಪನ್ಯಾಸ ಏಕೆ ಸಾಲದು

ಹಾಗಾದರೆ ಶಿಕ್ಷಕರಿಗೆ ಇದನ್ನು ಕಲಿಸಬಹುದೆ? 2002ರಲ್ಲಿ ಜೇಮ್ಸ್ ಮೂರ್ ಮತ್ತು ಸಂಗಡಿಗರು ಮೂವರು ಶಿಕ್ಷಕರೊಂದಿಗೆ ಇದನ್ನು ಪರೀಕ್ಷಿಸಿದರು. ಮೊದಲು ವಿಧಾನದ ಬರಹವನ್ನು ಕೊಟ್ಟು, ಓದಿಸಿ, ವಿವರಿಸಿದರು. ಪರೀಕ್ಷೆ ನಡೆಸುವಾಗ ಶಿಕ್ಷಕರ ನಿಖರತೆ ಸಾಲದಾಯಿತು. ಆಮೇಲೆ ತಾವೇ ಮಾಡಿ ತೋರಿಸಿದರು, ಶಿಕ್ಷಕರಿಂದ ಮಾಡಿಸಿದರು, ಎಲ್ಲಿ ಸರಿ ಎಲ್ಲಿ ತಪ್ಪು ಎಂದು ಕೂಡಲೇ ಹೇಳಿದರು. ನಿಖರತೆ ಮೇಲೇರಿತು, ತರಬೇತಿಯ ಕೋಣೆಯಿಂದಾಚೆ ಅವರವರ ತರಗತಿಯಲ್ಲೂ ಉಳಿಯಿತು. ಇದಕ್ಕೆ ವರ್ಷಗಟ್ಟಲೆ ಕಾಲವೂ ಬೇಕಿಲ್ಲ. ಆರೆಗಾನ್ ವಿಶ್ವವಿದ್ಯಾಲಯದ ರಾಬರ್ಟ್ ಹಾರ್ನರ್ ಮತ್ತು ಶೆಲ್ಡನ್ ಲೋಮನ್ ಶಾಲಾ ಸಿಬ್ಬಂದಿಗಾಗಿ ರೂಪಿಸಿದ ಮೂಲ ಹಂತದ ತರಬೇತಿಯಲ್ಲಿ ಒಂದೊಂದು ಗಂಟೆಯ ನಾಲ್ಕು ತರಗತಿಗಳಿವೆ, ನಡುನಡುವೆ ಸ್ವಂತ ಶಾಲೆಯಲ್ಲಿ ಮಾಡಿಕೊಂಡು ಬರುವ ಕೆಲಸವಿದೆ. ಅಪಾಯವಿಲ್ಲದ ಸಾಧಾರಣ ತಂಟೆಗಳಿಗಷ್ಟೇ ಅದು ಮೀಸಲು.

ಒಳ್ಳೆಯ ತರಬೇತಿ ಹೇಗೆ ಮುಂದುವರಿಯುತ್ತದೆ ಎಂದು ಹೆಜ್ಜೆಹೆಜ್ಜೆಯಾಗಿ ನೋಡೋಣ.

ಮೊದಲ ಪಾಠ ಬಣ್ಣನೆಯದು. ‘ಅಶಿಸ್ತು’, ‘ಉದ್ಧಟತನ’, ‘ಗಮನವಿಲ್ಲ’ ಎಂಬ ಮಾತುಗಳನ್ನು ಬದಿಗಿಡಬೇಕು. ‘ಕೇಳದೆ ಜಾಗ ಬಿಟ್ಟು ಎದ್ದು ಎರಡು ಹೆಜ್ಜೆಗಿಂತ ಹೆಚ್ಚು ಹೋಗುವುದು’ ಎಂದು ಬರೆದರೆ ಯಾರು ನೋಡಿದರೂ ಅದನ್ನೇ ಎಣಿಸುತ್ತಾರೆ. ಇಬ್ಬರು ಶಿಕ್ಷಕರಿಗೆ ಒಂದೇ ವಿಡಿಯೊ ತೋರಿಸಿ ಬೇರೆಬೇರೆಯಾಗಿ ಎಣಿಸಲು ಹೇಳುತ್ತಾರೆ. ಇಬ್ಬರ ಎಣಿಕೆ ನೂರಕ್ಕೆ ಎಂಬತ್ತರಷ್ಟಾದರೂ ಹೊಂದಬೇಕೆಂಬುದು ಈ ಕ್ಷೇತ್ರದ ರೂಢಿ. ಹೊಂದದಿದ್ದರೆ ಬಣ್ಣನೆ ಇನ್ನೂ ಮಸುಕಾಗಿದೆ ಎಂದರ್ಥ.

ಎರಡನೆಯದು ಹೊತ್ತಿನ ಪಾಠ. ಇಡೀ ದಿನ ನೋಡಲು ಯಾರಿಗೂ ಬಿಡುವಿಲ್ಲ, ನೋಡಬೇಕಾಗಿಯೂ ಇಲ್ಲ. ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು ಯಾವ ಪಿರಿಯಡ್‌ನಲ್ಲಿ ತಂಟೆ ಹೆಚ್ಚು, ಯಾವುದರಲ್ಲಿ ಇಲ್ಲವೇ ಇಲ್ಲ ಎಂದು ಗುರುತಿಸುವುದು. ತಂಟೆ ಇಲ್ಲದ ಪಿರಿಯಡ್ ಕೂಡ ಸಾಕ್ಷ್ಯವೇ.

ಮೂರನೆಯದು ಮೂರು ಕಾಲಮಿನ ಹಾಳೆ. ಶಿಕ್ಷಕರಿಗೆ ಅತ್ಯಂತ ಕಷ್ಟವಾಗುವುದು ಮೂರನೇ ಕಾಲಂ, ಏಕೆಂದರೆ ಅಲ್ಲಿ ಬರೆಯಬೇಕಾದದ್ದು ಹೆಚ್ಚಾಗಿ ತಮ್ಮದೇ ನಡೆಯನ್ನು. ಇಲ್ಲಿ ತರಬೇತುದಾರರ ದನಿ ಬಹಳ ಮುಖ್ಯ. ತಪ್ಪು ಹುಡುಕಲು ಬಂದವರೆಂಬ ಭಾವನೆ ಹುಟ್ಟಿದರೆ ಹಾಳೆಯಲ್ಲಿ ಸತ್ಯ ಬರುವುದಿಲ್ಲ.

ನಾಲ್ಕನೆಯದು ಊಹೆಯನ್ನು ಒಂದೇ ವಾಕ್ಯದಲ್ಲಿ ಬರೆಯುವುದು. ‘ಭಿನ್ನರಾಶಿಯ ಲೆಕ್ಕವನ್ನು ಒಬ್ಬನೇ ಮಾಡಬೇಕಾಗಿ ಬಂದಾಗ ಹುಡುಗ ಪಕ್ಕದವನ ನೋಟ್‌ಬುಕ್ ಎಳೆದು ಹಾಕುತ್ತಾನೆ, ಆಗ ಲೆಕ್ಕ ಮಾಡುವುದು ತಪ್ಪುತ್ತದೆ.’ ಸನ್ನಿವೇಶ, ವರ್ತನೆ, ಫಲ ಮೂರೂ ಇದ್ದರೆ ಮಾತ್ರ ಆ ವಾಕ್ಯವನ್ನು ಪರೀಕ್ಷಿಸಲು ಬರುತ್ತದೆ. ‘ಮನೆಯಲ್ಲಿ ಮುದ್ದು ಜಾಸ್ತಿ’ ಎಂಬುದನ್ನು ಪರೀಕ್ಷಿಸಲು ಬರುವುದಿಲ್ಲ.

ಐದನೆಯದು ಪರೀಕ್ಷೆ. ಐದು ಲೆಕ್ಕದ ಬದಲು ಎರಡು ಕೊಟ್ಟು, ಒಂದನ್ನು ಜೊತೆಯಲ್ಲಿ ಬಿಡಿಸಿ ತೋರಿಸಿ ನೋಡುವುದು. ಮರುದಿನ ಮೊದಲಿನಂತೆ ಐದು. ಹೀಗೆ ಅದಲುಬದಲು ಮಾಡಿದಾಗ ತಂಟೆಯೂ ಅದರೊಂದಿಗೆ ಏರಿಳಿದರೆ ಊಹೆಗೆ ಬಲ ಬಂತು. ತರಗತಿಯ ಕೆಲಸದ ನಡುವೆಯೇ ಕೆಲವೇ ನಿಮಿಷಗಳ ಚಿಕ್ಕಚಿಕ್ಕ ಪರೀಕ್ಷೆಗಳನ್ನು ನಡೆಸುವ ಕ್ರಮವನ್ನು ಸಾರಾ ಬ್ಲೂಮ್ ಮತ್ತು ಇವಾಟಾ ಮೊದಲಾದವರು 2011ರಲ್ಲಿ ವಿವರಿಸಿದ್ದಾರೆ. ಎರಡು ವರ್ಷಗಳ ನಂತರ ಬ್ಲೂಮ್ ಅವರ ತಂಡ ಅದನ್ನು ಶಿಕ್ಷಕರಿಂದಲೇ ಮಾಡಿಸಿತು.

ಕೊನೆಯದು ಬದಲಿ ದಾರಿ. ತಂಟೆಯಿಂದ ಸಿಗುತ್ತಿದ್ದದ್ದೇ ಒಳ್ಳೆಯ ನಡತೆಯಿಂದ, ಇನ್ನೂ ಸುಲಭವಾಗಿ ಸಿಗಬೇಕು. ಹುಡುಗ ಕೈಯೆತ್ತಿ ‘ಗೊತ್ತಾಗ್ಲಿಲ್ಲ ಮಿಸ್’ ಎಂದರೆ ಕೂಡಲೇ ನೆರವು. ಹುಡುಗಿ ಪುಸ್ತಕ ತಂದು ತೋರಿಸಿದರೆ ಒಂದು ಮೆಚ್ಚುಗೆ. ಅವಳು ತಂಟೆಗೆ ಇಳಿಯುವ ಮೊದಲೇ ಟೀಚರ್ ಅವಳ ಬೆಂಚಿನ ಬಳಿ ಒಮ್ಮೆ ಹಾದುಹೋಗುವುದು ಇನ್ನೂ ಒಳ್ಳೆಯದು. ಜೊತೆಗೆ ಹುಡುಗನಿಗೆ ಭಿನ್ನರಾಶಿ ಬರುವಂತೆ ಮಾಡುವುದೇ ನಿಜವಾದ ಚಿಕಿತ್ಸೆ ಎನ್ನುವುದನ್ನು ಮರೆಯಬಾರದು.

ಎಚ್ಚರದ ಮಾತು

ಹಳೆಯ ಫಲ ಸಿಗದಂತಾದಾಗ ತಂಟೆ ಕಡಿಮೆಯಾಗುವ ಮೊದಲು ಕೆಲವು ದಿನ ಹೆಚ್ಚಾಗಬಹುದು. ಇದು ತಿಳಿಯದ ಶಿಕ್ಷಕರು ಮೂರನೆಯ ದಿನಕ್ಕೇ ‘ಇದು ನಡೆಯೋದಿಲ್ಲ’ ಎಂದು ಕೈಬಿಡುತ್ತಾರೆ. ಮಗುವೂ ಇನ್ನಷ್ಟು ಜೋರು ಮಾಡಿದರೆ ಸಿಗುತ್ತದೆ ಎಂದು ಕಲಿಯುತ್ತದೆ. ತರಬೇತಿಯಲ್ಲಿ ಈ ಮಾತನ್ನು ಮೊದಲೇ ಹೇಳಿಟ್ಟಿರಬೇಕು.

ಎಲ್ಲ ಕಾರಣಗಳೂ ತರಗತಿಯೊಳಗೇ ಇರುವುದಿಲ್ಲ. ಬೆಳಿಗ್ಗೆ ಏನೂ ತಿನ್ನದೆ ಬಂದ ಮಗು, ರಾತ್ರಿ ನಿದ್ದೆಗೆಟ್ಟ ಮಗು, ಮನೆಯಲ್ಲಿ ಹೊಡೆತ ಕಂಡು ಬಂದ ಮಗು ಎಂದಿನ ಲೆಕ್ಕಕ್ಕೇ ಅಂದು ಸಿಡಿಯಬಹುದು. ಹಾಳೆಯ ಅಂಚಿನಲ್ಲಿ ಇದಕ್ಕೂ ಜಾಗವಿರಬೇಕು. ಕರೆದರೆ ತಿರುಗದ ಮಗುವಿನ ಕಿವಿಯನ್ನು, ಬೋರ್ಡು ನೋಡದ ಮಗುವಿನ ಕಣ್ಣನ್ನು ಮೊದಲು ಪರೀಕ್ಷೆ ಮಾಡಿಸಬೇಕು; ಕಿವಿಯ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ತಾಣ ನಮ್ಮ ನಡುವೆಯೇ ಇದೆ. ತನಗೋ ಇತರರಿಗೋ ಗಾಯ ಮಾಡುವಂಥ ವರ್ತನೆಯನ್ನು ಶಿಕ್ಷಕರು ಒಬ್ಬರೇ ಪರೀಕ್ಷಿಸಹೋಗಬಾರದು. ಅದು ಮನೋವೈದ್ಯರ, ಮನೋವಿಜ್ಞಾನಿಗಳ ಕೆಲಸ. ದೌರ್ಜನ್ಯದ ಗುರುತು ಕಂಡರೆ ಕಾಲಂ ತುಂಬುತ್ತ ಕೂರದೆ ಮಗುವಿನ ರಕ್ಷಣೆಗೆ ಧಾವಿಸಬೇಕು.

ಬೆತ್ತದ ಜಾಗದಲ್ಲಿ ಏನು?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. 2010ರ ಏಪ್ರಿಲ್ 1ರಿಂದ ಕಾಯ್ದೆ ಜಾರಿಯಲ್ಲಿದೆ. ಅದು ಅತ್ಯಂತ ಅಗತ್ಯವಾಗಿದ್ದ, ತಡವಾಗಿಯಾದರೂ ಬಂದ ನ್ಯಾಯ. ಆದರೆ ಬೆತ್ತ ಕೆಳಗಿಡಿ ಎಂದ ಮೇಲೆ ಶಿಕ್ಷಕರ ಕೈಗೆ ಬೇರೆ ಏನನ್ನು ಕೊಟ್ಟೆವು ಎಂಬ ಪ್ರಶ್ನೆ ಉಳಿಯುತ್ತದೆ. ‘ಮಕ್ಕಳನ್ನು ಪ್ರೀತಿಯಿಂದ ನೋಡಿ’ ಎಂಬ ಉಪದೇಶ ಸಾಲದು. ನಮ್ಮ ಬಹುಪಾಲು ಶಿಕ್ಷಕರಿಗೆ ಪ್ರೀತಿಯ ಕೊರತೆಯಿಲ್ಲ. ಗಲಾಟೆಯ ನಡುವೆ, ನಾಲ್ಕನೇ ಪಿರಿಯಡ್‌ನಲ್ಲಿ, ದಣಿದ ಹೊತ್ತಿನಲ್ಲಿ ಏನು ಮಾಡಬೇಕೆಂಬ ಕೌಶಲ ಬೇಕು.

ಆ ಕೌಶಲ ಕಲಿಸುವ ಪದ್ಧತಿ ನಮಗೆ ಹೊಸದೇನೂ ಅಲ್ಲ. ಡಿ.ಎಡ್., ಬಿ.ಎಡ್. ಓದಿದವರೆಲ್ಲ ಬೋಧನಾಭ್ಯಾಸದಲ್ಲಿ ಪಾಠ ಟಿಪ್ಪಣಿ ಬರೆದು, ಹಿಂದಿನ ಬೆಂಚಿನಲ್ಲಿ ಕೂತ ಉಪನ್ಯಾಸಕರ ಎದುರು ಪಾಠ ಮಾಡಿ, ಅವರು ಬರೆದ ಟೀಕೆಯನ್ನು ಓದಿ ತಿದ್ದಿಕೊಂಡವರೇ. ಮಾಡು, ನೋಡಿಸಿಕೊ, ತಿದ್ದಿಕೊ ಎಂಬ ಆ ಕ್ರಮವನ್ನೇ ಸಂಶೋಧನೆ ಇಲ್ಲೂ ಎತ್ತಿಹಿಡಿಯುತ್ತದೆ. ಗಣಿತದ ಪಾಠಕ್ಕೆ ಕೊಟ್ಟ ಆ ಗೌರವವನ್ನು ಮಕ್ಕಳ ವರ್ತನೆಯ ಪಾಠಕ್ಕೂ ಕೊಡಬೇಕು. ಸಭಾಂಗಣದಲ್ಲಿ ಇನ್ನೂರು ಶಿಕ್ಷಕರನ್ನು ಕೂರಿಸಿ ಸ್ಲೈಡು ತೋರಿಸಿ ಹಾಜರಾತಿ ಪತ್ರ ಕೊಟ್ಟರೆ ತರಬೇತಿ ಆಗಲಿಲ್ಲ, ಅದರ ಪ್ರಸ್ತಾವನೆ ಆಯಿತು ಅಷ್ಟೆ. ಶಾಲೆಗೆ ಬರುವ ಸಂಪನ್ಮೂಲ ವ್ಯಕ್ತಿ ದಾಖಲೆ ಪುಸ್ತಕ ನೋಡಿ ಹೊರಡುವ ಬದಲು ಒಂದು ಪಿರಿಯಡ್ ಕೂತು, ಒಂದೇ ಮಗುವನ್ನು ಶಿಕ್ಷಕರ ಜೊತೆ ಎಣಿಸಿ, ಇಬ್ಬರ ಹಾಳೆಯನ್ನೂ ಪಕ್ಕಪಕ್ಕ ಇಟ್ಟು ಮಾತಾಡಬೇಕು. ಅಕ್ಕಪಕ್ಕದ ತರಗತಿಯ ಇಬ್ಬರು ಶಿಕ್ಷಕರು ಪರಸ್ಪರ ಈ ಕೆಲಸ ಮಾಡಿಕೊಂಡರೂ ಆದೀತು. ಅದಕ್ಕೆ ಸರ್ಕಾರದ ಆದೇಶ ಬೇಕಿಲ್ಲ.

ಹೀಗೆ ಒಂದು ಮಗುವಿನ ಹಾಳೆಯನ್ನು ಕೊನೆಮುಟ್ಟ ತುಂಬಿದ ಶಿಕ್ಷಕರು ಮುಂದಿನ ಮಗುವಿನ ಬಗ್ಗೆ ‘ಇವನೇಕೆ ಹೀಗೆ’ ಎಂದು ಕೇಳುವುದಿಲ್ಲ, ‘ಯಾವಾಗ ಹೀಗೆ, ಆಮೇಲೆ ಏನಾಗುತ್ತದೆ’ ಎಂದು ಕೇಳುತ್ತಾರೆ. ಮೊದಲ ಪ್ರಶ್ನೆಗೆ ಸಿಗುವ ಉತ್ತರ ಮಗುವಿನ ಜಾತಕವನ್ನು ಹೇಳುತ್ತದೆ. ಅದನ್ನು ಬದಲಿಸಲು ಶಾಲೆಯಿಂದಾಗದು. ಎರಡನೆಯ ಪ್ರಶ್ನೆಗೆ ಸಿಗುವ ಉತ್ತರ ಪಾಠದ ಕ್ರಮವನ್ನೋ, ಕೂರಿಸುವ ಜಾಗವನ್ನೋ, ತಮ್ಮದೇ ಒಂದು ಮಾತನ್ನೋ ತೋರಿಸುತ್ತದೆ. ಅವನ್ನು ಬದಲಿಸುವುದು ನಾಳೆಯ ಮೊದಲ ಪಿರಿಯಡ್‌ನಲ್ಲೇ ಸಾಧ್ಯ.